‘ಕಟ್ಟಿಲ್ಲ’ ಅಲ್ಲ, ‘ಕಟ್ಟೋದು ಆಗಿಲ್ಲ’: ಕರ್ತೃನೇ ಇಲ್ಲದ ಮನೆಯೊಂದರ ಪ್ರಕರಣ

ಈ ಪ್ರಕರಣ ಬರೆಯೋಕೆ ಗಂಡ ಹೆಂಡ್ತಿ ಇಬ್ಬರ ಒಪ್ಪಿಗೆ ತಗೊಂಡಿದೀನಿ, ಬರೆದಾದ್ಮೇಲೆ ಓದೋಕೂ ಕೊಟ್ಟಿದ್ದೆ. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ಹೆಸರು ಇಡೋಕೇ ಹೋಗಿಲ್ಲ. ಮೂರ್ನಾಲ್ಕು ವರ್ಷದಿಂದ ನನ್ನ ಹತ್ರ ಆಪ್ತಸಲಹೆಗೆ ಬರೋರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳ್ತಿದೀನಿ, "ನಾನು ಅನ್ನೋದೇ ಇಲ್ಲ, ಎಲ್ಲ ತಾನಾಗೇ ಆಗ್ತಿದೆ, ಇದ್ರಲ್ಲಿ ನಂದೇನಿದೆ" ಅಂತ. ಹೀಗೆ ಹೇಳೋರಲ್ಲಿ ಕೆಲವರ ಮುಖ ನೋಡಿದ್ರೆ ನಿಜವಾಗ್ಲೂ ಹಗುರ ಆಗಿದಾರೆ ಅಂತ ಗೊತ್ತಾಗುತ್ತೆ, ಇನ್ನು ಕೆಲವರ ಮುಖ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಈ ಎರಡನೇ ಥರದವರ ಮನೇಲಿ ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲು ಫೋನ್ ಮಾಡಿದ್ದು ಹೆಂಡ್ತಿ. ಹೈಸ್ಕೂಲಲ್ಲಿ ಕನ್ನಡ ಟೀಚರ್. "ಮೇಡಂ, ನಮ್ಮನೆಯವ್ರು ಕುಡಿಯಲ್ಲ, ಹೊಡೆಯಲ್ಲ, ಬೈಯಲ್ಲ, ಆದ್ರೆ ಮನೇಲಿ ಇದಾರೆ ಅಂತಾನೂ ಅನ್ಸಲ್ಲ" ಅಂದ್ರು. ಮಗಳ ಸ್ಕೂಲ್ ಫೀಸ್ ಎರಡು ಸಲ ಲೇಟ್ ಆಗಿತ್ತು, ಕರೆಂಟ್ ಬಿಲ್ ಕಟ್ಟದೆ ಲೈನ್‌ಮ್ಯಾನ್ ಬಂದು ಫ್ಯೂಸ್ ಕಿತ್ಕೊಂಡು ಹೋಗಿದ್ದ. ಯಾಕೆ ಕಟ್ಟಿಲ್ಲ ಅಂತ ಇವರು ಕೇಳಿದ್ರೆ ಅವರು ಬಾಲ್ಕನಿ ಚೇರಲ್ಲಿ ಕೂತಲ್ಲಿಂದಾನೇ "ಕಟ್ಟೋದು ಆಗಿಲ್ಲ" ಅಂದ್ರಂತೆ. "ಕಟ್ಟಿಲ್ಲ ಅಂದಿದ್ರೆ ನಾನು ಜಗಳ ಆದ್ರೂ ಆಡ್ತಿದ್ದೆ, ಕಟ್ಟೋದು ಆಗಿಲ್ಲ ಅಂದ್ರೆ ಯಾರ ಹತ್ರ ಜಗಳ ಆಡ್ಲಿ? ಮಕ್ಕಳಿಗೆ ಕರ್ತರಿ ಪ್ರಯೋಗ ಕರ್ಮಣಿ ಪ್ರಯೋಗ ಅಂತ ಪಾಠ ಮಾಡ್ತೀನಿ ಮೇಡಂ, ನಮ್ಮನೇಲಿ ಈಗ ವಾಕ್ಯಕ್ಕೆ ಕರ್ತೃನೇ ಇಲ್ಲ." ಇಷ್ಟು ಹೇಳಿ ಅತ್ತುಬಿಟ್ರು. ಎಷ್ಟೋ ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಒಬ್ಬರ ಖಾಯಿಲೆಯನ್ನ ಮನೆಯವರು ಇಷ್ಟು ಸರಿಯಾಗಿ ಗುರುತಿಸಿದ್ದು ನಾನು ನೋಡಿದ್ದು ಕಡಿಮೆ.

ಗಂಡನಿಗೆ ಮೂವತ್ತಾರು ವರ್ಷ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ತಿಪಟೂರು ಅರಸೀಕೆರೆ ಮಧ್ಯದ ಒಂದು ಹಳ್ಳಿಯವರು, ಒಬ್ಬನೇ ಮಗ, ತೆಂಗಿನ ತೋಟ ಇದೆ. ಫೆಬ್ರವರಿಯಲ್ಲಿ ಅಪ್ಪ ಹೋದ್ರು, ಹಾರ್ಟ್ ಅಟ್ಯಾಕ್, ಬೆಳಗಿನ ಜಾವ ತೋಟದ ಪಂಪ್‌ಹೌಸ್ ಹತ್ರ. ಏಪ್ರಿಲಲ್ಲಿ ಆಫೀಸಲ್ಲಿ ಇವರ ಟೀಮನ್ನೇ ತೆಗೆದ್ರು. ಆಮೇಲೆ ರಾತ್ರಿ ನಿದ್ದೆ ಇಲ್ಲ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಸತ್ಸಂಗದ ವಿಡಿಯೋ ಕೇಳೋದು ಶುರು. ಮೊದಲು ರಮಣ ಮಹರ್ಷಿ, ಆಮೇಲೆ ಮುಂಬೈಯ ಅದ್ವೈತ ಗುರು ನಿಸರ್ಗದತ್ತ ಮಹಾರಾಜರು, ಆಮೇಲೆ ಅವರ ಶಿಷ್ಯ ರಮೇಶ್ ಬಲ್ಸೇಕರ್, ಆಮೇಲೆ ಯಾರ್ಯಾರೋ ಕತ್ತರಿಸಿ ಹಾಕಿದ ಒಂದೊಂದು ನಿಮಿಷದ ತುಣುಕುಗಳು. ಜುಲೈಲಿ ನನ್ನ ಹತ್ರ ಬಂದಾಗ ಮುಖದಲ್ಲಿ ಒಂಥರಾ ಶಾಂತಿ ಇತ್ತು, ನಾನದನ್ನ ನಂಬಲಿಲ್ಲ, ಯಾಕಂದ್ರೆ ಕೈ ಎರಡೂ ತೊಡೆ ಕೆಳಗೆ ಹಾಕ್ಕೊಂಡು ಕೂತಿದ್ರು, ಐವತ್ತು ನಿಮಿಷ ಹೊರಗೆ ತೆಗೀಲೇ ಇಲ್ಲ.

"ಮಾಡೋನು ಯಾರೂ ಇಲ್ಲ ಮೇಡಂ, ನೀವು ಯಾರಿಗೆ ಕೌನ್ಸೆಲಿಂಗ್ ಮಾಡ್ತೀರಾ?" ಇದು ಅವರ ಮೊದಲ ಮಾತು. ಸವಾಲು ಹಾಕೋ ಥರ ಕೇಳಲಿಲ್ಲ, ಮೆಲ್ಲಗೇ ಕೇಳಿದ್ರು.

ಇಲ್ಲಿ ನನ್ನ ವಿಷಯ ಒಂದಿಷ್ಟು ಹೇಳ್ಬೇಕು. ನಮ್ಮಜ್ಜ ಶೃಂಗೇರಿ ಕಡೆಯವರು, ಜಗಲಿ ಮೇಲೆ ಕೂತು ಭಾಷ್ಯ ಓದ್ತಿದ್ದವರು, ಅದ್ವೈತದ ಮಾತು ನಂಗೆ ಹೊರಗಿಂದ ಬಂದಿದ್ದಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ಆಸ್ತಿ. ಆದ್ರೂ ಆಪ್ತಸಲಹೆಗೆ ಬಂದವರ ನಂಬಿಕೆಯನ್ನ ತಿದ್ದೋದು ನನ್ನ ಕೆಲಸ ಅಲ್ಲ, ಅವರಿಗೆ ಗುರು ಆಗೋದಂತೂ ಖಂಡಿತ ಅಲ್ಲ. ಹಾಗಾಗಿ ಮೊದಲೆರಡು ಸೆಷನ್ ವೇದಾಂತದ ಸುದ್ದಿಗೇ ಹೋಗ್ಲಿಲ್ಲ. ಊಟ ಹೇಗಿದೆ, ನಿದ್ದೆ ಹೇಗಿದೆ ಅಂತ ಕೇಳಿದೆ. ಏಳು ಕೆಜಿ ಇಳಿದಿದ್ರು. ಊಟದ ರುಚಿ ಗೊತ್ತಾಗ್ತಿರಲಿಲ್ಲ. ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಕೀಬೋರ್ಡ್ ಮೇಲಿರೋ ಕೈ ಬೇರೆ ಯಾರದ್ದೋ ಅನ್ಸುತ್ತೆ ಅಂದ್ರು, ಮಗಳು ಮಡಿಲಲ್ಲಿ ಕೂತು ಮಾತಾಡ್ತಿದ್ರೆ ಮಧ್ಯ ಒಂದು ಗ್ಲಾಸ್ ಇದ್ದಂಗೆ ಇರುತ್ತೆ ಅಂದ್ರು. "ಇದೇ ಅಲ್ವಾ ಮೇಡಂ ಸಾಕ್ಷಿಭಾವ?" ಅಂತ ಕೇಳಿದ್ರು. ಯಾವುದಕ್ಕೂ ಅಂಟದೆ ಸುಮ್ಮನೆ ನೋಡೋನಾಗಿ ಇರೋದಕ್ಕೆ ವೇದಾಂತದಲ್ಲಿ ಹಾಗಂತಾರೆ.

ಈ ಪ್ರಶ್ನೆಗೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಬಹಳ ಜನ ಮೋಸ ಹೋಗೋದು ಇಲ್ಲೇ. ಡಿಪರ್ಸನಲೈಸೇಶನ್ ಅಂತ ಒಂದು ಸ್ಥಿತಿ ಇದೆ, ತನ್ನ ದೇಹ ತನ್ನ ಯೋಚನೆ ತನ್ನದಲ್ಲ ಅನ್ಸೋದು, ಜಗತ್ತು ಸಿನಿಮಾ ಥರ ದೂರ ಕಾಣೋದು. ತೀವ್ರ ಆಘಾತ, ಖಿನ್ನತೆ, ನಿದ್ರಾಹೀನತೆ ಇವುಗಳ ಜೊತೆ ಬರುತ್ತೆ. ಹೊರಗಿಂದ ಕೇಳಿದ್ರೆ ಅದರ ವರ್ಣನೆ ಸಾಕ್ಷಿಭಾವದ ವರ್ಣನೆ ಥರಾನೇ ಇರುತ್ತೆ. ಆದ್ರೆ ಸಾಕ್ಷಿಭಾವ ನಿಜವಾಗಿ ಕಂಡ ಅನುಭವಿಗಳು ಬರೆದಿರೋದನ್ನ ಓದಿದ್ರೆ, ಅಂಥವರ ಜೊತೆ ಇದ್ದವರ ಮಾತು ಕೇಳಿದ್ರೆ, ಅವರಿಗೂ ಎದುರಿಗಿರೋರಿಗೂ ಮಧ್ಯ ಇದ್ದ ಗ್ಲಾಸ್ ಹೋಗಿರುತ್ತೆ, ಮಗು ಅತ್ರೆ ಹೊಟ್ಟೆ ಚುರ್ ಅನ್ನೋದು ಜಾಸ್ತಿನೇ ಆಗಿರುತ್ತೆ. ಇವರಿಗೆ ಗ್ಲಾಸ್ ಹೊಸದಾಗಿ ಬಂದಿತ್ತು. ಅದನ್ನೇ ಹೇಳಿದೆ. ಸುಮ್ಮನಾದ್ರು.

ಎರಡನೇ ಸೆಷನ್ ಕೊನೇಲಿ ಇನ್ನೊಂದು ಮಾತು ಬಂತು, "ಸಾಯೋನು ಯಾರು ಮೇಡಂ?" ತಾತ್ವಿಕ ಪ್ರಶ್ನೆ ಅಂತ ಬಿಟ್ಟುಬಿಡೋಕೆ ಆಗಲ್ಲ ಇಂಥದ್ದನ್ನ. ನೇರ ಕೇಳಿದೆ, "ಸಾಯ್ಬೇಕು ಅಂತ ಅನ್ಸಿದ್ಯಾ? ಹೇಗೆ ಅಂತ ಯೋಚನೆ ಮಾಡಿದೀರಾ?" ಹಾಗೆ ಕೇಳಿದ್ರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅಂತ ಮನೆಯವರು ಹೆದರ್ತಾರೆ, ಹಾಗಾಗಲ್ಲ, ಕೇಳಿದ್ರೆ ಹೇಳ್ಕೊಳೋಕೆ ಒಂದು ಬಾಗಿಲು ಸಿಗುತ್ತೆ. ಯೋಚನೆ ಬಂದುಹೋಗಿದೆ, ಪ್ಲಾನ್ ಏನೂ ಇಲ್ಲ ಅಂದ್ರು. ಅವತ್ತೇ ಅವರ ಎದುರೇ ಹೆಂಡ್ತಿಗೆ ತಿಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ, ಆ ವಾರದಲ್ಲೇ ಮನೋವೈದ್ಯರ ಹತ್ರ ಕಳಿಸಿದೆ. ಅವರು ಖಿನ್ನತೆ ಅಂತ ಹೇಳಿ ಮಾತ್ರೆ ಶುರು ಮಾಡಿದ್ರು, ರಕ್ತ ಪರೀಕ್ಷೇಲಿ ಬಿ12 ಕೂಡ ಕಡಿಮೆ ಬಂತು. "ಮಾತ್ರೆ ತಗೊಳೋನು ಯಾರು" ಅಂತ ಇವರು ಅಲ್ಲೂ ಕೇಳಿದ್ರಂತೆ, ಡಾಕ್ಟರು "ಯಾರಾದ್ರೂ ಆಗ್ಲಿ, ರಾತ್ರಿ ಊಟ ಆದ್ಮೇಲೆ ತಗೊಳ್ಳಿ" ಅಂದ್ರಂತೆ. ನನಗೆ ಆ ಡಾಕ್ಟರ ಮೇಲೆ ಗೌರವ ಬಂತು.

ನಿದ್ದೆ ಒಂದಿಷ್ಟು ಕೂಡಿದ ಮೇಲೆ ಮೂರನೇ ಸೆಷನ್‌ಗೆ ಅವರು ತಯಾರಾಗಿ ಬಂದಿದ್ರು. 1898ರಲ್ಲಿ ರಮಣರ ತಾಯಿ ಅಳಗಮ್ಮ ತಿರುವಣ್ಣಾಮಲೈಗೆ ಬಂದು ಮನೆಗೆ ಬಾ ಅಂತ ಗೋಗರೆದಾಗ ಮೌನದಲ್ಲಿದ್ದ ಹುಡುಗ ಚೀಟೀಲಿ ಬರೆದುಕೊಟ್ಟಿದ್ದು ಹೇಳಿದ್ರು, ಆಗಬಾರದ್ದು ಏನು ಮಾಡಿದ್ರೂ ಆಗಲ್ಲ, ಆಗಬೇಕಾದ್ದು ಎಷ್ಟು ತಡೆದ್ರೂ ನಿಲ್ಲಲ್ಲ, ಸುಮ್ಮನಿರೋದೇ ಒಳ್ಳೇದು ಅನ್ನೋ ಅರ್ಥದ ಮಾತು. ಆಮೇಲೆ ಇಂಜಿನಿಯರ್ ಅಲ್ವಾ, ಮೆದುಳು ವಿಜ್ಞಾನಿ ಲಿಬೆಟ್ ಅವರ ಪ್ರಯೋಗ ತಂದ್ರು, "ನಾನು ನಿರ್ಧಾರ ಮಾಡಿದೆ ಅನ್ನೋಕೆ ಮುಂಚೆನೇ ಮೆದುಳು ಮಾಡಿರುತ್ತೆ, ಸೈನ್ಸೂ ಪ್ರೂವ್ ಮಾಡಿದೆ ಮೇಡಂ."

ಈ ಸಲ ನಾನೂ ಮಾತಾಡಿದೆ. 1983ರ ಆ ಪ್ರಯೋಗದಲ್ಲಿ ಜನರಿಗೆ ಹೇಳಿದ್ದು ಇಷ್ಟೇ, ನಿಮಗೆ ಅನ್ಸಿದಾಗ ಕೈ ಅಲ್ಲಾಡಿಸಿ, ಅನ್ಸಿದ ಕ್ಷಣ ಗಡಿಯಾರದ ಚುಕ್ಕಿ ಎಲ್ಲಿತ್ತು ಅಂತ ಹೇಳಿ. ಮೆದುಳಿನ ತಯಾರಿ ಅಲೆ ಕೈ ಆಡೋಕೆ ಸುಮಾರು ಅರ್ಧ ಸೆಕೆಂಡ್ ಮುಂಚೆ ಶುರುವಾಗ್ತಿತ್ತು, ಅನ್ನಿಸಿದ್ದು 200 ಮಿಲಿಸೆಕೆಂಡ್ ಮುಂಚೆ. ಆದ್ರೆ ಕೊನೇ ಗಳಿಗೇಲಿ ಬೇಡ ಅನ್ನೋ ಶಕ್ತಿ ಮನುಷ್ಯನಿಗಿದೆ ಅಂತ ಲಿಬೆಟ್ಟೇ ಹೇಳಿದ್ರು. 2012ರಲ್ಲಿ ಶುರ್ಗರ್ ಅನ್ನೋ ಇನ್ನೊಬ್ಬ ವಿಜ್ಞಾನಿ ಮತ್ತೆ ಅವರ ಜೊತೆಯವರು ಆ ಅಲೆ ನಿರ್ಧಾರನೇ ಅಲ್ಲದಿರಬಹುದು, ಮೆದುಳಲ್ಲಿ ಸದಾ ಇರೋ ಏರಿಳಿತ ಹೊಸ್ತಿಲು ದಾಟೋದನ್ನ ನಾವು ಹಾಗೆ ಓದ್ತಿದೀವಿ ಅಂತ ತೋರಿಸಿದ್ರು. ಅದೆಲ್ಲಕ್ಕಿಂತ ದೊಡ್ಡದು ಅಂದ್ರೆ ಕಾರಣನೇ ಇಲ್ಲದೆ ಕೈ ಆಡಿಸೋದು ಬೇರೆ, ಅಮ್ಮನ್ನ ಊರಿಂದ ಕರ್ಕೊಂಡು ಬರೋದಾ ಬೇಡ್ವಾ ಅಂತ ವಾರ ಪೂರ್ತಿ ಯೋಚಿಸೋದು ಬೇರೆ. ಆ ಗಡಿಯಾರದಲ್ಲಿ ಇದು ಅಳತೆಗೆ ಸಿಗಲ್ಲ.

ರಮಣರ ಮಾತನ್ನ ನಾನು ತೆಳು ಮಾಡೋಕೆ ಹೋಗ್ಲಿಲ್ಲ, ಅದು ಅಪ್ರಾಮಾಣಿಕತೆ ಆಗುತ್ತೆ. ರಮಣರ ಭಕ್ತ ದೇವರಾಜ ಮುದಲಿಯಾರ್ ಅವರು ಈ ಬೀಸಣಿಗೆ ಕೆಳಗಿಡೋದೂ ಮೊದಲೇ ನಿಶ್ಚಯ ಆಗಿರುತ್ತಾ ಅಂತ ಕೇಳಿದ್ದಕ್ಕೆ ಅವರು ಹೌದು ಅಂದಿದ್ರು. ಅಷ್ಟು ಗಟ್ಟಿ. ಆದ್ರೆ ಅದೇ ರಮಣರು ಇನ್ನೊಂದು ಕಡೆ, ವ್ಯಕ್ತಿ ಅನ್ನೋದು ಇರೋ ತನಕ ಸ್ವತಂತ್ರ ಇಚ್ಛೆನೂ ಇದೆ, ಶಾಸ್ತ್ರಗಳೆಲ್ಲ ಅದನ್ನ ಸರಿ ದಾರಿಗೆ ಹಚ್ಚಿ ಅಂತಾನೇ ಹೇಳೋದು, ವಿಧಿ ಇಚ್ಛೆ ಎರಡೂ ಯಾರಿಗೆ ಅಂತ ಹುಡುಕು ಅಂದಿದಾರೆ. ಒಂದು ನಿಮಿಷದ ತುಣುಕಲ್ಲಿ ಬೀಸಣಿಗೆ ಮಾತು ಬರುತ್ತೆ, ಈ ಮಾತು ಬರಲ್ಲ. ಅಷ್ಟೇ ಅಲ್ಲ, ಬೆಳಗಿನ ಜಾವ ಎದ್ದು ಅಡುಗೆಮನೇಲಿ ತರಕಾರಿ ಹೆಚ್ತಿದ್ದವರೂ ಅವರೇ. ಬಲ್ಸೇಕರ್ ಬ್ಯಾಂಕಲ್ಲಿ ದೊಡ್ಡ ಹುದ್ದೆ ನಿಭಾಯಿಸಿ ನಿವೃತ್ತಿ ಆದ್ಮೇಲೆ ನಿಸರ್ಗದತ್ತರ ಹತ್ರ ಹೋದವರು, ದಿನನಿತ್ಯದಲ್ಲಿ ಸ್ವತಂತ್ರ ಇಚ್ಛೆ ಇದೆ ಅನ್ನೋ ಹಾಗೇ ನಡ್ಕೊಳ್ಳಿ ಅಂತ್ಲೇ ಹೇಳ್ತಿದ್ರು. ನಿಸರ್ಗದತ್ತರು ಗುರು ಹೋದ್ಮೇಲೆ ಎಲ್ಲ ಬಿಟ್ಟು ಅಲೆದು, ತಿರುಗಿ ಮುಂಬೈಗೆ ಬಂದು ಮತ್ತೆ ಬೀಡಿ ಅಂಗಡೀಲಿ ಕೂತು ಸಂಸಾರ ನಡೆಸಿದ್ರು. ಅವರ ಪರಂಪರೆ ಬೇರೆಲ್ಲಿಂದಲೋ ಅಲ್ಲ, ನಮ್ಮ ವಿಜಯಪುರ ಜಿಲ್ಲೆ ಇಂಚಗೇರಿಯದು, ಸಂಸಾರ ಇಟ್ಕೊಂಡೇ ಸಾಧನೆ ಮಾಡೋ ಜನರ ಪರಂಪರೆ. "ಇವರ್ಯಾರ ಮನೇಲೂ ಫ್ಯೂಸ್ ಕಿತ್ಕೊಂಡು ಹೋಗಿದ್ದು ನಾನು ಓದಿಲ್ಲ" ಅಂದೆ. ಕೈ ತೊಡೆ ಕೆಳಗಿಂದ ಹೊರಗೆ ಬಂತು, ಮೊದಲ ಸಲ.

ಅಜ್ಜನ ಬಾಯಲ್ಲಿ ಕೇಳಿದ, ವೇದಾಂತದ ಮೂಲ ಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಒಂದು ಜಾಗ ನಂಗೆ ತುಂಬಾ ಪ್ರಿಯ, ಅದನ್ನೂ ಹೇಳಿದೆ. ಎರಡನೇ ಅಧ್ಯಾಯದ ಮೂರನೇ ಪಾದ. ಜೀವ ಕರ್ತೃನಾ ಅಲ್ವಾ ಅನ್ನೋ ಪ್ರಶ್ನೆ ಅಲ್ಲಿ ಬರುತ್ತೆ, ಉತ್ತರ ಶುರುವಾಗೋದೇ ಹೌದು, ಕರ್ತೃ, ಇಲ್ಲಾಂದ್ರೆ ಶಾಸ್ತ್ರ ಇದನ್ನ ಮಾಡು ಅನ್ನೋದಕ್ಕೆ ಅರ್ಥಾನೇ ಇರಲ್ಲ ಅಂತ. ಆಮೇಲೆ ಆ ಕರ್ತೃತ್ವ ಸ್ವಭಾವ ಅಲ್ಲ, ಉಪಾಧಿಯಿಂದ, ಅಂದ್ರೆ ದೇಹ ಮನಸ್ಸಿನಂಥ ಹೊರಗಿನ ಉಪಕರಣದಿಂದ, ಬಂದಿದ್ದು ಅನ್ನೋದಕ್ಕೆ ಬಡಗಿಯ ಉದಾಹರಣೆ. ಬಡಗಿ ಉಳಿ ಬಾಚಿ ಕೈಲಿ ಹಿಡಿದಾಗ ಕರ್ತೃ, ದಣೀತಾನೆ, ಮನೆಗೆ ಬಂದು ಅದನ್ನೆಲ್ಲ ಕೆಳಗಿಟ್ರೆ ಹಾಯಾಗಿರ್ತಾನೆ. ಆಮೇಲೆ ಈಶ್ವರನೇ ಮಾಡಿಸೋದು ಅಂದ್ರೆ ಒಬ್ಬನಿಗೆ ಸುಖ ಒಬ್ಬನಿಗೆ ದುಃಖ ಕೊಡೋ ಪಕ್ಷಪಾತ ಆಗಲ್ವಾ ಅನ್ನೋದಕ್ಕೆ ಶಂಕರರು ಮಳೆ ಉದಾಹರಣೆ ಕೊಡ್ತಾರೆ, ಮಳೆ ಎಲ್ಲದಕ್ಕೂ ಒಂದೇ, ಭತ್ತ ಭತ್ತ ಆಗೋದು ಜವೆ ಜವೆ ಆಗೋದು ಅದರದರ ಬೀಜದಿಂದ, ಜೀವ ಮಾಡೋ ಪ್ರಯತ್ನವನ್ನ ನೋಡ್ಕೊಂಡೇ ಈಶ್ವರ ಮಾಡಿಸೋದು. ತೋಟದವರಲ್ವಾ, ಮಳೆ ಬೀಜದ ಮಾತಿಗೆ ತಲೆ ಆಡಿಸಿದ್ರು. "ನೀವು ಉಳಿ ಕೆಳಗಿಟ್ಟಿದೀರಿ ನಿಜ, ಆದ್ರೆ ಮನೆಗೆ ಬಂದು ಇಟ್ರಾ, ಕೆಲಸದ ಮಧ್ಯೆ ಬಾಗಿಲು ಅರ್ಧ ಕೂರಿಸಿ ಇಟ್ರಾ?" ಅಂತ ಕೇಳಿದೆ. ಉತ್ತರ ಬರ್ಲಿಲ್ಲ. ನಾನೂ ಒತ್ತಾಯ ಮಾಡ್ಲಿಲ್ಲ.

ಇಷ್ಟೊತ್ತಿಗೆ ನಾನು ಒಂದು ವಿಷಯ ಗಮನಿಸಿದ್ದೆ. ಕೆಲಸದಿಂದ ತೆಗೆದ ಮ್ಯಾನೇಜರ್ ವಿಷಯ ಬಂದ್ರೆ "ಅವನು ಬೇಕೂಂತ್ಲೇ ಮಾಡಿದ" ಅಂತಿದ್ರು. ತಂಗಿ ಆಸ್ತಿ ಮಾತೆತ್ತಿದ್ದಕ್ಕೆ "ಅವಳಿಗೆ ಹಾಗೆ ಕೇಳೋಕೆ ಹೇಗೆ ಮನಸ್ಸು ಬಂತು" ಅಂತಿದ್ರು. ಅಲ್ಲೆಲ್ಲ ಕರ್ತೃ ಸರಿಯಾಗಿ ಇದ್ದ. ಅಪ್ಪನ ಸಾವಿನ ಹತ್ರ ಬಂದ ತಕ್ಷಣ "ಆಗ್ಬೇಕಿತ್ತು, ಆಯ್ತು" ಅಂದು ಕಣ್ಣು ಗೋಡೆ ಕಡೆ ಹೋಗೋದು. ಎಲ್ಲ ಕಡೆ ಕರ್ತೃ ಇಲ್ಲ ಅನ್ನೋನಿಗೆ ಕೋಪಾನೂ ಇರ್ಬಾರ್ದು ಅಲ್ವಾ. ಒಂದೇ ಒಂದು ಜಾಗದಲ್ಲಿ ಮಾತ್ರ ಕರ್ತೃ ಮಾಯ ಆಗಿದಾನೆ ಅಂದ್ರೆ ಅಲ್ಲೇನೋ ಮುಚ್ಚಿಟ್ಟಿದೆ ಅಂತ ಅರ್ಥ. ನಾಲ್ಕನೇ ಸೆಷನ್‌ನಲ್ಲಿ ಕೇಳಿದೆ, "ಅವತ್ತು ಬೆಳಗ್ಗೆ ಎಷ್ಟೊತ್ತಿಗೆ ಎದ್ರಿ?"

ಅಪ್ಪನಿಗೆ ಒಂದು ಅಭ್ಯಾಸ ಇತ್ತು. ಬೆಳಗಿನ ಜಾವ ಥ್ರೀ ಫೇಸ್ ಕರೆಂಟ್ ಬಂದ್ರೆ ತೋಟಕ್ಕೆ ಹೋಗಿ ಮೋಟ್ರು ಹಾಕಿ ಮಗನಿಗೆ ಫೋನ್ ಮಾಡೋರು, "ಕರೆಂಟ್ ಬಂತು ಕಣಪ್ಪ, ಮೋಟ್ರು ಹಾಕ್ದೆ, ನೀನು ಎದ್ಯಾ?" ಅಷ್ಟೇ. ಮಗ ಹೂಂ ಅನ್ನೋದು, ಅವರು ಇಡೋದು. ಅವತ್ತು ರಾತ್ರಿ ಆಫೀಸ್ ಕೆಲಸ ಮುಗಿಸಿ ಮಲಗಿದ್ದೇ ಮೂರು ಗಂಟೆಗೆ. ಐದೂ ನಲ್ವತ್ತಕ್ಕೆ ಫೋನ್ ಅದುರ್ತು. ಕಣ್ಣು ಬಿಟ್ಟು ನೋಡಿದ್ರು, ಸ್ಕ್ರೀನ್ ಮೇಲೆ ಅಪ್ಪ ಅಂತ ಇತ್ತು, ಕೆಳಗೆ ಅಪ್ಪ ತೋಟದಲ್ಲಿ ನಿಂತಿರೋ ಫೋಟೋ. ಫೋನನ್ನ ಬೋರಲು ಹಾಕಿ ದಿಂಬಿನ ಕೆಳಗೆ ತಳ್ಳಿದ್ರು. ಏಳು ಗಂಟೆಗೆ ಪಕ್ಕದ ತೋಟದವರು ಫೋನ್ ಮಾಡಿದ್ರು.

ಇದನ್ನ ಹೆಂಡ್ತಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಐದು ತಿಂಗಳು. ಹೇಳುವಾಗ ಬಲಗೈಯನ್ನ ಟೇಬಲ್ ಮೇಲೆ ಬೋರಲು ಇಟ್ಟು ಹಾಗೇ ಒತ್ತಿ ಹಿಡ್ಕೊಂಡಿದ್ರು, ಆ ಫೋನ್ ಇನ್ನೂ ಕೆಳಗೇ ಇದೆಯೇನೋ ಅನ್ನೋ ಹಾಗೆ.

ಇಂಥ ಹೊತ್ತಲ್ಲಿ ಸಲಹೆಗಾರರಿಗೆ ಎರಡು ಸುಲಭದ ದಾರಿ ಇರುತ್ತೆ. ಒಂದು, ನಿಮ್ಮ ತಪ್ಪೇನಿಲ್ಲ ಬಿಡಿ ಅನ್ನೋದು. ಇನ್ನೊಂದು, ಅವರದೇ ಭಾಷೇಲಿ, ಹೌದು ಆಗ್ಬೇಕಿತ್ತು ಆಯ್ತು ಅನ್ನೋದು. ನಾನು ಎರಡೂ ಹೇಳಲಿಲ್ಲ. ಮೊದಲನೇದು ಊರವರೆಲ್ಲ ಹೇಳ್ತಿದ್ರು, ಅದು ಕೇಳಿದಷ್ಟೂ ಒಳಗೆ ಗಟ್ಟಿ ಆಗ್ತಿತ್ತು. ಎರಡನೇದನ್ನ ಅವರೇ ದಿನಾ ರಾತ್ರಿ ಇಯರ್‌ಫೋನಲ್ಲಿ ತುಂಬ್ಕೊಳ್ತಿದ್ರು. ಕರ್ತೃ ಇಲ್ಲ ಅನ್ನೋ ಮಾತು ಅವರಿಗೆ ಜ್ಞಾನವಾಗಿ ಬಂದಿರಲಿಲ್ಲ, ಅರಿವಳಿಕೆ ಇಂಜೆಕ್ಷನ್ ಆಗಿ ಬಂದಿತ್ತು, ಅರಿವಳಿಕೆ ಒಂದೇ ಜಾಗಕ್ಕೆ ನಿಲ್ಲೋದಿಲ್ಲ ನೋಡಿ, ನೋವಿನ ಜೊತೆ ಮಗಳ ಮೇಲಿನ ಪ್ರೀತಿನೂ ಮರಗಟ್ಟಿಹೋಯ್ತು. ನಾನು ಕೇಳಿದ್ದು ಇಷ್ಟೇ, "ಇದನ್ನ ಒಂದೇ ಒಂದು ಸಲ ‘ನಾನು’ ಅಂತ ಶುರು ಮಾಡಿ ಹೇಳೋಕಾಗುತ್ತಾ?" ತುಂಬಾ ಹೊತ್ತು ತಗೊಂಡ್ರು. "ನಾನು ನೋಡಿದೆ. ಅಪ್ಪ ಅಂತ ಗೊತ್ತಿತ್ತು. ನಾನು ಎತ್ತಲಿಲ್ಲ." ಆಮೇಲೆ ಅತ್ರು, ಸೆಷನ್ ಟೈಮ್ ಮುಗಿದ ಮೇಲೂ ಅತ್ರು, ಮುಂದಿನವರನ್ನ ಅರ್ಧ ಗಂಟೆ ಕಾಯಿಸ್ಬೇಕಾಯ್ತು.

ಕೊಟ್ಟ ಸಲಹೆ ಏನು ಅಂತ ಬರೀತೀನಿ, ಇದನ್ನೇ ಕೇಳೋಕೆ ಬಹಳ ಜನ ಓದ್ತಿರ್ತೀರಿ.

ಬಲ್ಸೇಕರ್ ತಮ್ಮ ಹತ್ರ ಬರೋರಿಗೆ ಒಂದು ಅಭ್ಯಾಸ ಹೇಳ್ತಿದ್ರು, ದಿನದ ಕೊನೇಲಿ ಒಂದು ಕ್ರಿಯೆ ತಗೊಂಡು ಇದು ನಿಜವಾಗ್ಲೂ ನನ್ನ ಕ್ರಿಯೆನಾ ಅಂತ ಶೋಧಿಸಿ ನೋಡಿ ಅಂತ. ಅದನ್ನ ಬೇಡ ಅನ್ನಲಿಲ್ಲ, ಅದಕ್ಕೊಂದು ಮುಂಭಾಗ ಸೇರಿಸಿದೆ. ದಿನಾ ಸಂಜೆ ನೋಟ್‌ಬುಕ್ಕಲ್ಲಿ ಒಂದು ವಿಷಯವನ್ನ ಎರಡು ಸಲ ಬರೀಬೇಕು. ಮೊದಲು ‘ನಾನು’ ಅಂತ ಶುರುವಾಗೋ ವಾಕ್ಯ. ಆಮೇಲೆ ಅದೇ ವಿಷಯ, ಅದಕ್ಕೆ ಏನೇನು ಕೂಡಿ ಬಂತು ಅನ್ನೋದೆಲ್ಲ ಸೇರಿಸಿ, ‘ಆಯ್ತು’ ಅಂತ ಮುಗಿಯೋ ವಾಕ್ಯ. ಮೊದಲನೇದು ಬರೀದೆ ಎರಡನೇದು ಬರೀಬಾರ್ದು. ಹೆಂಡ್ತಿ ಕನ್ನಡ ಟೀಚರ್ ಆಗಿದ್ದು ಇಲ್ಲಿ ಬಹಳ ಅನುಕೂಲ ಆಯ್ತು, ಅವರು ಮೊದಲನೇದಕ್ಕೆ ಕರ್ತರಿ ಎರಡನೇದಕ್ಕೆ ಕರ್ಮಣಿ ಅಂತ ಹೆಸರಿಟ್ರು, ವ್ಯಾಕರಣದ ಲೆಕ್ಕಕ್ಕೆ ‘ಆಯ್ತು’ ಅನ್ನೋದು ಕರ್ಮಣಿ ಅಲ್ಲ ಅಂತ ಅವರಿಗೂ ಗೊತ್ತು, ಆದ್ರೂ ಮನೇಲಿ ಆ ಹೆಸರೇ ನಿಂತುಹೋಯ್ತು. ಮೂರು ವಾರ ಕರೆಂಟ್ ಬಿಲ್ಲು, ಮಗಳ ಹೋಮ್‌ವರ್ಕು ಅಂತ ಸಣ್ಣದ್ದೇ ಬರೆದ್ರು. ನಾಲ್ಕನೇ ವಾರ ಒಂದು ಪುಟ ತೋರಿಸಿದ್ರು: "ನಾನು ಅಪ್ಪನ ಫೋನ್ ಬೋರಲು ಹಾಕಿದೆ. ಮೂರಕ್ಕೆ ಮಲಗಿದ್ದೆ, ದಿನಾ ಅದೇ ಮಾತಾಡೋಕೆ ಮಾಡ್ತಾರೆ ಅಂತ ಹನ್ನೆರಡು ವರ್ಷದ ರೂಢಿ, ಎದೆನೋವು ಅಂತ ಅಪ್ಪ ಯಾರಿಗೂ ಹೇಳಿರಲಿಲ್ಲ, ಬೆಂಗಳೂರಿಂದ ಊರು ಮೂರು ಗಂಟೆ ದಾರಿ, ಫೋನ್ ಬೋರಲಾಯ್ತು." ಎರಡೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡೋಕೆ ಅವರಿಗೆ ಆಗಿದ್ದು ಅವತ್ತು. ನನ್ನ ನಂಬಿಕೆ ಇದು, ಒಂದು ಸಲ ಪೂರ್ತಿಯಾಗಿ ನನ್ನದು ಅಂತ ಕೈಗೆ ತಗೊಳ್ಳದೇ ಇದ್ದಿದ್ದನ್ನ ನನ್ನದಲ್ಲ ಅಂತ ಬಿಡೋಕೆ ಬರಲ್ಲ.

ವಿಡಿಯೋ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳಲಿಲ್ಲ, ಹೇಳಿದ್ರೆ ಕದ್ದು ಕೇಳ್ತಾರೆ. ರಾತ್ರಿ ಒಂಬತ್ತರ ಮೇಲೆ ಬೇಡ, ತುಣುಕು ಬೇಡ, ಒಂದೇ ಗುರುವಿನದ್ದು ಪೂರ್ತಿ ಓದಿ ಅಂದೆ. ಹೆಂಡ್ತಿಗೆ ಹೇಳಿದ್ದು, ದಯವಿಟ್ಟು ಅವರ ಜೊತೆ ವೇದಾಂತದ ವಾದ ಮಾಡ್ಬೇಡಿ, ಗೆದ್ರೂ ನಷ್ಟ, ಸೋತ್ರೂ ನಷ್ಟ. "ನೀವು ಬದಲಾಗ್ಬೇಕು" ಅಂತ ಹೇಳೋ ಬದಲು "ಸಂಜೆ ಆರಕ್ಕೆ ಪಾಪೂನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡ್ ಬನ್ನಿ" ಅಂತ ಹೇಳಿ. ಖಿನ್ನತೆ ಇರೋರಿಗೆ ಮನಸ್ಸು ಬಂದ್ಮೇಲೆ ಕೆಲಸ ಮಾಡೋಣ ಅಂದ್ರೆ ಮನಸ್ಸು ಬರೋದೇ ಇಲ್ಲ, ಸಣ್ಣ ಕೆಲಸ ಮೊದಲು, ಮನಸ್ಸು ಹಿಂದಿಂದ ಬರುತ್ತೆ, ಇದು ಚಿಕಿತ್ಸೇಲಿ ಚೆನ್ನಾಗಿ ಪರೀಕ್ಷೆ ಆಗಿರೋ ವಿಧಾನ.

ಹೆಂಡ್ತಿ ವಾದ ಮಾಡಲ್ಲ ಅಂತ ಒಪ್ಪಿದ್ರು, ಆದ್ರೆ ಒಂದೇ ಒಂದು ಸಲ ನನ್ನೆದುರೇ ಗಂಡನಿಗೆ ಒಂದು ಮಾತು ಹೇಳಿದ್ರು. ಹನ್ನೆರಡನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನ ಕಥೆ. ಬಿದ್ದ ಅಕ್ಕಿ ಆಯ್ದು ತರೋದು ಅವನ ಕಾಯಕ, ಒಂದಿನ ಅನುಭವದ ಮಾತುಕತೇಲಿ ಮುಳುಗಿ ಕಾಯಕ ಮರೆತುಬಿಡ್ತಾನೆ. ಹೆಂಡ್ತಿ ಲಕ್ಕಮ್ಮ ಬಂದು ಹೇಳ್ತಾಳೆ, "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ." ಟೀಚರ್ ಅದನ್ನ ಕ್ಲಾಸಲ್ಲಿ ಹೇಳೋ ದನೀಲಿ ಹೇಳಲಿಲ್ಲ, ತೀರಾ ಮೆತ್ತಗೆ ಹೇಳಿದ್ರು. ಮಾರಯ್ಯ ಮುಳುಗಿದ್ದ ಚರ್ಚೆ ಸುಳ್ಳು ಅಂತ ಲಕ್ಕಮ್ಮ ಎಲ್ಲೂ ಹೇಳಲ್ಲ, ಅಕ್ಕಿ ತರೋದು ನಿಂತಿದೆ ಅಂತ ಮಾತ್ರ ಹೇಳ್ತಾಳೆ, ನನಗೆ ಆ ವಚನದಲ್ಲಿ ಇಷ್ಟ ಆಗೋದೇ ಅದು. ಅವರು ಹೆಂಡ್ತಿ ಮುಖ ನೋಡಿ "ಅಟ್ಟದ ಮೇಲೆ ಕಾಯಿ ಇದೆ" ಅಂದ್ರು.

ತಿಪಟೂರು ಸೀಮೆಯವರಿಗೆ ಗೊತ್ತಿರುತ್ತೆ, ಉಂಡೆ ಕೊಬ್ಬರಿ ಮಾಡೋಕೆ ಬಲಿತ ಕಾಯಿನ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡ್ತಾರೆ, ಒಳಗಿನ ನೀರು ತಾನಾಗೇ ಇಂಗಿ ಕೊಬ್ಬರಿ ಚಿಪ್ಪು ಬಿಡುತ್ತೆ. ಹಿಂದಿನ ವರ್ಷ ಅಪ್ಪ ಏರಿಸಿದ ಕಾಯಿ ಹಾಗೇ ಇತ್ತು. ಅಮ್ಮ ಮೂರು ಸಲ ಫೋನ್ ಮಾಡಿ ಕೇಳಿದ್ರಂತೆ, ಇವರು "ಆಗೋದಿದ್ರೆ ಆಗುತ್ತೆ ಬಿಡಮ್ಮ" ಅಂದಿದ್ರಂತೆ. ನಾನು ಅದನ್ನೇ ಆ ತಿಂಗಳ ಕೆಲಸ ಅಂತ ಗೊತ್ತು ಮಾಡಿದೆ. ಒಬ್ಬರೇ ಬೇಡ, ಹೆಂಡ್ತಿ ಮಗಳು ಜೊತೇಲಿರ್ಲಿ, ಅಮ್ಮನಿಗೆ ಫೋನ್ ವಿಷಯ ಹೇಳೋದಾ ಬೇಡ್ವಾ ಅಲ್ಲೇ ನೋಡ್ಕೊಳ್ಳಿ ಅಂದೆ.

ದಸರಾ ರಜೇಲಿ ಹೋದ್ರು. ಏಣಿ ಹತ್ತಿ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡೋದು, ಒಳಗೆ ಗಡಗಡ ಅಂದ್ರೆ ಕೊಬ್ಬರಿ ಆಗಿದೆ, ಆ ಕಡೆ ಹಾಕು, ನೀರು ಕುಲುಕಿದ್ರೆ ಇನ್ನೂ ಇಲ್ಲ, ಈ ಕಡೆ ಇಡು. ಚಿಕ್ಕವರಿದ್ದಾಗ ಅಪ್ಪ ಕಲಿಸಿದ್ದು. ಒಣಗಿದ ಕಾಯಿ ಚಿಪ್ಪು ಬಿಟ್ಟ ಹಾಗೆ ಜ್ಞಾನಿಯ ಆತ್ಮ ದೇಹದಿಂದ ಬೇರೆ ನಿಲ್ಲುತ್ತೆ ಅಂತ ರಾಮಕೃಷ್ಣ ಪರಮಹಂಸರು ಹೇಳ್ತಿದ್ರು, ಇವರಿಗೆ ಅದು ಬಾಯಿಪಾಠ, ಎಷ್ಟೋ ಸಲ ನನಗೇ ಹೇಳಿದ್ರು. "ಅಲ್ಲಿ ಕೂತಾಗ ಅದ್ಯಾವುದೂ ನೆನಪಿಗೆ ಬರ್ಲಿಲ್ಲ ಮೇಡಂ, ಅಪ್ಪ ಈ ಕಾಯಿ ಮುಟ್ಟಿದ್ರು ಅಂತ ಮಾತ್ರ ಅನ್ಸಿದ್ದು" ಅಂದ್ರು. ಒಂದಷ್ಟು ಕಾಯಿ ಕೆಟ್ಟಿತ್ತು, ಮಿಕ್ಕಿದ್ದನ್ನ ಸುಲಿಸಿ ತಿಪಟೂರು ಮಾರ್ಕೆಟ್ಟಿಗೆ ಹಾಕಿದ್ರು. ಎರಡನೇ ದಿನ ರಾತ್ರಿ ಅಮ್ಮನಿಗೆ ಹೇಳಿದ್ರಂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಅವತ್ತು ಎಚ್ಚರ ಆಗಿತ್ತು, ಚಳಿ ಇದೆ ಹೋಗ್ಬೇಡಿ ಅನ್ಬೇಕು ಅನ್ಕೊಂಡು ಹಾಗೇ ಮಗ್ಗುಲಾದೆ" ಅಂದ್ರಂತೆ. ಎಂಟು ತಿಂಗಳು ಒಂದೇ ಮನೆಯ ಇಬ್ಬರು ಒಂದೇ ಕಲ್ಲನ್ನ ಬೇರೆ ಬೇರೆಯಾಗಿ ಹೊತ್ತಿದ್ರು.

ಅದಾದ್ಮೇಲೆ ಒಂದು ಸೆಷನ್‌ನಲ್ಲಿ ಅವರೇ ರಮಣರ ಸುದ್ದಿ ಎತ್ತಿದ್ರು, ಮನೆಗೆ ಬರಲ್ಲ ಅಂತ ಚೀಟಿ ಬರೆದ ಅದೇ ಮಗನ ಹತ್ರ 1916ರಲ್ಲಿ ತಾಯಿ ಬಂದು ಉಳಿದಿದ್ದು, 1922ರ ಮೇ 19ರಂದು ಅವರ ಕೊನೇ ದಿನ ಬೆಳಗ್ಗಿಂದ ರಾತ್ರಿ ತನಕ ರಮಣರು ಪಕ್ಕದಲ್ಲೇ ಕೂತು ಒಂದು ಕೈ ಎದೆ ಮೇಲೆ ಒಂದು ಕೈ ತಲೆ ಮೇಲೆ ಇಟ್ಕೊಂಡಿದ್ದು. ನನಗೆ ಆ ವಿಷಯ ಮೊದಲೇ ಗೊತ್ತಿತ್ತು, ನಾಲ್ಕನೇ ಸೆಷನ್ ಆದ್ಮೇಲೆ ಬೇಕೂಂತ್ಲೇ ಹೇಳಿರಲಿಲ್ಲ, ಆಗ ಹೇಳಿದ್ರೆ ಗಾಯದ ಮೇಲೆ ಬರೆ ಎಳೆದ ಹಾಗಾಗ್ತಿತ್ತು. "ಚೀಟಿ ಮಾತ್ರ ಓದ್ಕೊಂಡಿದ್ದೆ, ಈ ಕೈ ಓದಿರಲಿಲ್ಲ" ಅಂದ್ರು.

ಈಗ ಒಟ್ಟು ಹನ್ನೊಂದು ಸೆಷನ್ ಆಗಿದೆ. ಮಾತ್ರೆ ನಡೀತಿದೆ, ಡಾಕ್ಟರು ಹೇಳೋ ತನಕ ನಿಲ್ಲಿಸಬಾರದು ಅಂತ ಹೇಳಿದೀನಿ. ಬೇರೆ ಕೆಲಸ ಸಿಕ್ಕಿದೆ, ಸಂಬಳ ಕಡಿಮೆ. ಗ್ಲಾಸ್ ಪೂರ್ತಿ ಹೋಗಿಲ್ಲ, ದಣಿದ ದಿನ ಬರುತ್ತೆ, ಬಂದಾಗ ಅದನ್ನ ಜ್ಞಾನ ಅಂತ ಕರೆಯದೆ ದಣಿವು ಅಂತ ಕರೆದು ಮಲಗ್ತಾರೆ. ಸ್ವತಂತ್ರ ಇಚ್ಛೆ ಇಲ್ಲ ಅನ್ನೋ ಅವರ ನಂಬಿಕೆ ಹಾಗೇ ಇದೆ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಶೃಂಗೇರಿಯ ಚಂದ್ರಶೇಖರ ಭಾರತಿ ಸ್ವಾಮಿಗಳು ಹೇಳಿದ್ದು ನನಗೆ ಹೆಚ್ಚು ಹತ್ರ, ವಿಧಿ ಅಂದ್ರೆ ಹಿಂದೆ ಮಾಡಿದ ಕರ್ಮ, ಸ್ವತಂತ್ರ ಇಚ್ಛೆ ಅಂದ್ರೆ ಈಗ ಮಾಡ್ತಿರೋ ಕರ್ಮ, ಎರಡೂ ಒಂದೇ ವಸ್ತು ಅಂತ. ಈ ಬಗ್ಗೆ ನಾವಿಬ್ಬರೂ ಇನ್ನೂ ಮಾತಾಡ್ತಾ ಇದೀವಿ. ಫೆಬ್ರವರೀಲಿ ಅಪ್ಪನ ವರ್ಷದ ಕಾರ್ಯ ಬರುತ್ತೆ, ಅದಕ್ಕೆ ಮುಂಚೆ ಒಂದು, ಆದ್ಮೇಲೆ ಒಂದು ಸೆಷನ್ ಬರೆದಿಟ್ಟಿದೀನಿ. ಊರಲ್ಲಿ ಮೋಟ್ರು ಈಗ ಅಮ್ಮ ಹಾಕ್ತಾರೆ, ಹಾಕಿ ಬೆಳಗಿನ ಜಾವ ಮಗನಿಗೆ ಫೋನ್ ಮಾಡ್ತಾರೆ, ಮೊದಲನೇ ರಿಂಗಿಗೇ ಎತ್ತೋದ್ರಿಂದ ನನಗೂ ಐದೂವರೆಗೆ ಎಚ್ಚರ ಆಗುತ್ತೆ ಅಂತ ಹೆಂಡ್ತಿ ಹೇಳಿದ್ರು.